ಮೂರನೇ ಮೀಟರ್

ಎಲ್ಲರಿಗೂ ನಮಸ್ಕಾರ. ಹಳಿ ರಿಪೇರಿಗೆ ಲೋಕಲ್ ರೈಲು ನಿಲ್ಲಿಸುವ ಭಾನುವಾರದ ಮೆಗಾಬ್ಲಾಕ್ ದಾಟಿ ಡೊಂಬಿವಲಿ, ಬೋರಿವಲಿಯಿಂದ ಮಾಟುಂಗಾಕ್ಕೆ ಬಂದಿದ್ದೀರಿ. ತುಂಬಾ ಖುಷಿಯಾಯಿತು.

ಹೋದ ತಿಂಗಳು ನಮ್ಮ ಬಳಗದ ಒಬ್ಬ ಹುಡುಗ, ಪೈಲಟ್ ತರಬೇತಿಗೆ ಸೇರಿದವನು, ನನ್ನನ್ನು ಕೇಳಿದ: "ಅಂಕಲ್, ಈಗ ವಿಮಾನದಲ್ಲಿ ಎಲ್ಲಾ ಸ್ಕ್ರೀನ್ ಮೇಲೇ ಬರುತ್ತದೆ. ಕೆಳಗೆ ಆ ಮೂರು ಹಳೇ ಮೀಟರ್ ಯಾಕೆ?" ಅವತ್ತು ಬಾಗಿಲಲ್ಲಿ ನಿಂತು ಅರ್ಧ ಉತ್ತರ ಕೊಟ್ಟೆ. ಉಳಿದರ್ಧ ಇವತ್ತು.

ನಿಮ್ಮ ಮನೆಯಲ್ಲಿ ಅಡುಗೆಮನೆಗೊಂದು ನಲ್ಲಿ, ಬಚ್ಚಲಿಗೊಂದು ನಲ್ಲಿ ಇದೆ. ಮಹಡಿ ಮೇಲಿನ ಟ್ಯಾಂಕ್ ಖಾಲಿಯಾದರೆ ಎರಡೂ ಒಣಗುತ್ತವೆ, ಅಲ್ವಾ? ರಾತ್ರಿಯೇ ತುಂಬಿಟ್ಟ ಹಂಡೆ ಇದೆಯಲ್ಲ, ಅದು ಬ್ಯಾಕಪ್. ಮೀಟರ್ ಎರಡಿದ್ದರೆ ಸಾಲದು. ಎರಡರ ಬೇರು ಬೇರೆ ಇರಬೇಕು.

ತರಬೇತಿಯ ಸಣ್ಣ ವಿಮಾನ, ಹಳೇ ಸೆಸ್ನಾ ನೋಡಿ. ವಿಮಾನ ವಾಲಿದೆಯೋ ನೆಟ್ಟಗಿದೆಯೋ ತೋರಿಸುವ ಆಟಿಟ್ಯೂಡ್ ಮೀಟರ್ ಒಳಗೆ ಒಂದು ಬುಗುರಿ ತಿರುಗುತ್ತಿರುತ್ತದೆ. ಎಂಜಿನ್ನಿನ ವ್ಯಾಕ್ಯೂಮ್ ಪಂಪ್ ಎಳೆಯುವ ಗಾಳಿಯೇ ಅದನ್ನು ತಿರುಗಿಸುತ್ತದೆ. ದಿಕ್ಕಿನ ಮೀಟರೂ ಅದೇ ಪಂಪಿನದು. ಆದರೆ ತಿರುವು ತೋರಿಸುವ ಟರ್ನ್ ಕೋಆರ್ಡಿನೇಟರ್ ಕರೆಂಟಿನದು. ಬೇಕೆಂದೇ ಹಾಗೆ ಮಾಡಿದ್ದಾರೆ. ಮೇಲಿರುವ ದಿಕ್ಸೂಚಿಗೆ ಪಂಪೂ ಬೇಡ, ಕರೆಂಟೂ ಬೇಡ.

ನಾನು ಹ್ಯಾಂಗರ್‌ನಲ್ಲಿ ಕೆಲಸ ಮಾಡುತ್ತಿದ್ದ ಕಾಲದ ಮಾತು. ರಿಪೇರಿ ಆದ ಮೇಲಿನ ಟೆಸ್ಟ್ ಹಾರಾಟ. ಜುಹುವಿನಿಂದ ಹೊರಟೆವು, ನಾನು ಬಲಗಡೆ ಸೀಟಿನಲ್ಲಿದ್ದೆ. ಮಾರ್ಚ್ ತಿಂಗಳ ಬೆಳಗು, ತಿಳಿ ಆಕಾಶ. ಹಾದಿಯಲ್ಲಿ ಪಂಪ್ ಸತ್ತಿತು. ಸದ್ದಿಲ್ಲ, ವಾಸನೆಯಿಲ್ಲ. ಬುಗುರಿ ಒಮ್ಮೆಗೇ ನಿಲ್ಲುವುದಿಲ್ಲ. ಮಕ್ಕಳ ಬುಗುರಿ ಕೊನೆಗೆ ತಲೆ ಆಡಿಸುತ್ತಾ ಮಲಗುವುದಿಲ್ಲವೇ, ಹಾಗೆ. ಮೀಟರಿನ ಗೆರೆ ನಿಧಾನವಾಗಿ ವಾಲಿತು, ಎಡಕ್ಕೆ ತಿರುಗುತ್ತಿದ್ದೇವೆ ಎಂದಿತು. ಪೈಲಟ್ ಸಾಹೇಬರ ಕೈ ತಾನಾಗಿಯೇ ಬಲಕ್ಕೆ ಹೋಯಿತು. ನಲವತ್ತು ವರ್ಷದ ಅನುಭವದ ಕೈ ಅದು! ಅಷ್ಟರಲ್ಲಿ ಅವರು ತಲೆ ಎತ್ತಿದರು. ಕಿಟಕಿಯಾಚೆ ವರ್ಸೋವಾದ ಸಮುದ್ರ ನೆಟ್ಟಗೆ ಗೆರೆ ಎಳೆದಿತ್ತು. ಟರ್ನ್ ಕೋಆರ್ಡಿನೇಟರೂ ಸಮುದ್ರದ ಮಾತನ್ನೇ ಹೇಳುತ್ತಿತ್ತು. ಅವರು ಜೇಬಿನಿಂದ ಚೀಟಿ ತೆಗೆದು ಕೆಟ್ಟ ಮೀಟರಿಗೆ ಅಡ್ಡ ಸಿಕ್ಕಿಸಿದರು. ಯಾಕೆಂದರೆ ಸುಳ್ಳು ಎಂದು ಗೊತ್ತಿದ್ದರೂ ಕಣ್ಣು ಅಲ್ಲಿಗೇ ಹೋಗುತ್ತದೆ.

ಆ ಸಮುದ್ರ ಕಾಣದೇ ಇದ್ದಿದ್ದರೆ?

1978ರ ಜನವರಿ 1ರ ರಾತ್ರಿ ಹಾಗೇ ಆಯಿತು. ನಿಮ್ಮಲ್ಲಿ ಹಿರಿಯರಿಗೆ ನೆನಪಿರುತ್ತದೆ. ಸಾಂತಾಕ್ರೂಜ್‌ನಿಂದ ದುಬೈಗೆ ಹೊರಟ ಏರ್ ಇಂಡಿಯಾದ ಜಂಬೋ, 'ಎಂಪರರ್ ಅಶೋಕ'. ದೊಡ್ಡ ವಿಮಾನ ನಿಜ, ಆದರೆ ಪಾಠ ಒಂದೇ. ಕ್ಯಾಪ್ಟನ್ ಎದುರಿನ ಮೀಟರ್ ಬಲಕ್ಕೆ ವಾಲಿದಂತೆ ತೋರಿಸುತ್ತಾ ಸಿಕ್ಕಿಹಾಕಿಕೊಂಡಿತ್ತು. ಅವರು ಎಡಕ್ಕೆ ತಿರುಗಿಸುತ್ತಾ ಹೋದರು. ಕೆಳಗೆ ಬರೀ ಕಪ್ಪು ಸಮುದ್ರ. ಸಹಪೈಲಟ್ ಎದುರು ಇನ್ನೊಂದು ಮೀಟರ್ ಇತ್ತು, ಮೂರನೆಯದಾಗಿ ಸ್ಟ್ಯಾಂಡ್‌ಬೈ, ಅಂದರೆ ಬದಲಿ ಮೀಟರೂ ಇತ್ತು. ಕ್ಯಾಪ್ಟನ್ ನೋಡುತ್ತಿದ್ದ ಮೀಟರನ್ನು ನಂಬಬೇಡಿ ಎಂದು ಫ್ಲೈಟ್ ಎಂಜಿನಿಯರ್ ಹೇಳಿದ್ದು ಧ್ವನಿಮುದ್ರಣದಲ್ಲಿದೆ. ಹೊತ್ತು ಮೀರಿತ್ತು. ಬಾಂದ್ರಾದ ಆಚೆ ಸಮುದ್ರದಲ್ಲಿ 213 ಜನ ಹೋದರು. ಅಲ್ಲಿನ ಬ್ಯಾಂಡ್‌ಸ್ಟ್ಯಾಂಡ್ ದಡದಲ್ಲಿ ನಿಂತಾಗಲೆಲ್ಲ ನನಗೆ ಆ ಮೂರನೇ ಮೀಟರ್ ನೆನಪಾಗುತ್ತದೆ.

ಈಗ ಹುಡುಗನ ಪ್ರಶ್ನೆ. ಸ್ಕ್ರೀನ್ ಇರುವ ಬಹಳಷ್ಟು ಸೆಸ್ನಾ 172ಗಳಲ್ಲಿ ಕೆಳಗಿನ ಆಟಿಟ್ಯೂಡ್ ಮೀಟರ್ ವ್ಯಾಕ್ಯೂಮಿನದು. ಕರೆಂಟ್ ಹೋಗಿ ಸ್ಕ್ರೀನ್ ಕಪ್ಪಾದರೂ ಅದು ಬದುಕಿರುತ್ತದೆ. ವೇಗ, ಎತ್ತರದ ಮೀಟರುಗಳಿಗೆ ಹೊರಗಿನ ಗಾಳಿಯ ಒತ್ತಡ ಸಾಕು. ಆದರೆ ಇಲ್ಲೊಂದು ಕಡೆ ಬೇರು ಒಂದೇ, ಜೋಪಾನ! ಸ್ಕ್ರೀನಿನ ವೇಗಕ್ಕೂ ಕೆಳಗಿನ ಮೀಟರಿಗೂ ಎದುರುಗಾಳಿ ಹಿಡಿಯುವ ರೆಕ್ಕೆಯಡಿಯ ಕೊಳವೆ, ಪಿಟೋ ಟ್ಯೂಬ್, ಒಂದೇ. ಅದರೊಳಗೆ ಕಣಜ ಮಣ್ಣಿನ ಗೂಡು ಕಟ್ಟಿದರೆ ಎರಡೂ ಒಟ್ಟಿಗೆ ಸುಳ್ಳು ಹೇಳುತ್ತವೆ. ಎರಡೂ ಒಂದೇ ಮಾತು ಹೇಳುತ್ತಿವೆ ಎಂದು ಧೈರ್ಯ ತಂದುಕೊಳ್ಳಬಾರದು. ಎತ್ತರದ ಮೀಟರಿಗೆ ಗಾಳಿ ಕೊಡುವ ಪಕ್ಕದ ತೂತು ಮುಚ್ಚಿದರೆ, ಒಳಗಿನ ಗಾಳಿ ಕೊಡುವ ಬದಲಿ ವಾಲ್ವ್ ಇದೆ. ಆಗ ಎತ್ತರ ಸಾಮಾನ್ಯವಾಗಿ ಸ್ವಲ್ಪ ಜಾಸ್ತಿ ತೋರಿಸುತ್ತದೆ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಬ್ಯಾಟರಿ ವಿಷಯ ಒಂದೇ ಮಾತಲ್ಲಿ: ಗಾರ್ಮಿನ್ ಜಿ5ನಂಥ ಹೊಸ ಸ್ಟ್ಯಾಂಡ್‌ಬೈಗೆ ತನ್ನದೇ ಬ್ಯಾಟರಿ ಹಾಕಿಸಬಹುದು, 4 ಗಂಟೆವರೆಗೆ ಬರುತ್ತದೆ. ಅದೂ ಹಂಡೆಯ ನೀರೇ. ದಿಕ್ಸೂಚಿಯ ತಪ್ಪುಗಳನ್ನು ಇನ್ನೊಂದು ದಿನ ಹೇಳುತ್ತೇನೆ.

ಆ ಹುಡುಗ ಹಿಂದಿನ ಸಾಲಿನಲ್ಲೇ ಇದ್ದಾನೆ. ಏನಪ್ಪಾ, ನಾಳೆ ಹಾರುವ ಮೊದಲು ಪಿಟೋ ಕವರ್ ತೆಗೆದು ತೂತು ನೋಡು. ಆಮೇಲೆ ನಿನ್ನ ಇನ್‌ಸ್ಟ್ರಕ್ಟರ್ ಹತ್ತಿರ ಕೇಳು, ಸ್ಕ್ರೀನ್ ಮುಚ್ಚಿ ಕೆಳಗಿನ ಮೂರರಲ್ಲೇ ಅರ್ಧ ಗಂಟೆ ಹಾರಿಸಲು ಹೇಳಿಕೊಡಿ ಅಂತ. ಕೇಳ್ತೀಯಲ್ಲ?