ಬರಹ ಒಂದು, ಬಾಯಿ ಎರಡು

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಬದಿಯಡ್ಕದ ಈ ಸಭೆಯಲ್ಲಿ ಕೂತವರಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದ ಮಾಷ್ಟ್ರುಗಳು, ಟೀಚರುಗಳು, ಮಕ್ಕಳ ಅಪ್ಪ ಅಮ್ಮಂದಿರು. ಹಾಗಾಗಿ ಒಂದು ಮಗುವಿನ ಪುಸ್ತಕದಿಂದಲೇ ಸುರು ಮಾಡುತ್ತೇನೆ.

ನಮ್ಮ ನೆರೆಮನೆಯ ಆರನೇ ಕ್ಲಾಸಿನ ಹುಡುಗಿ ಮೊನ್ನೆ ಇಂಗ್ಲಿಷ್ ಪಾಠಪುಸ್ತಕ ಹಿಡಿದುಕೊಂಡು ಬಂದಳು. ಪುಟ ತುಂಬ ಪ್ರತಿ ಶಬ್ದದ ತಲೆಯ ಮೇಲೂ ಪೆನ್ಸಿಲಿನ ಸಣ್ಣ ಕನ್ನಡ ಅಕ್ಷರಗಳು. ನಾವೆಲ್ಲ ಹಾಗೇ ಓದಿದವರಲ್ಲವೇ? ಒಂದು ಕಡೆ ಎಲ್, ಇ, ಎ, ಡಿ ಎಂಬ ಶಬ್ದದ ಮೇಲೆ 'ಲೀಡ್' ಎಂದು ಬರೆದು, ಉಜ್ಜಿ, 'ಲೆಡ್' ಎಂದು ಬರೆದು, ಅದನ್ನೂ ಉಜ್ಜಿ, ಕಾಗದ ಆಚೆ ಬದಿ ಕಾಣುವಷ್ಟು ತೆಳ್ಳಗಾಗಿತ್ತು. "ಮಾಮ, ಇದರಲ್ಲಿ ಯಾವುದು ಸರಿ?" ಎಂದು ಕೇಳಿದಳು.

ಎರಡೂ ಸರಿ. ದಾರಿ ತೋರಿಸು, ಮುಂದೆ ನಡೆ ಎಂದಾದರೆ ಲೀಡ್. ಸೀಸ ಎಂದಾದರೆ ಲೆಡ್. ಅವಳ ಪಾಠದಲ್ಲಿದ್ದದ್ದು ಪೆನ್ಸಿಲಿನ ಮೊನೆ, ಆದ್ದರಿಂದ ಲೆಡ್. ಪೆನ್ಸಿಲಿನೊಳಗೆ ಇರುವುದು ಗ್ರಾಫೈಟ್, ಸೀಸವೇ ಅಲ್ಲ. ಹಿಂದಿನವರು ಅದನ್ನು ಸೀಸದ ಒಂದು ಬಗೆ ಎಂದುಕೊಂಡಿದ್ದರು. ಆ ಹೆಸರು ನಮ್ಮಲ್ಲೂ 'ಸೀಸದ ಕಡ್ಡಿ' ಎಂದು ಉಳಿದಿದೆ.

ಆ ಉಜ್ಜಿದ ಗುರುತು ನೋಡಿ ನನಗೆ ಹೊಟ್ಟೆ ಚುರುಕ್ಕೆಂದಿತು. ಅವಳ ಪ್ರಾಯದಲ್ಲಿ ನಾನು ಟಿ, ಇ, ಎ, ಆರ್ ಎಂಬ ಶಬ್ದವನ್ನು 'ಟಿಯರ್' ಎಂದು ಓದಿದೆ. ಹಿಂದಿನ ವಾರ ಪದ್ಯದಲ್ಲಿ ಕಣ್ಣೀರಿಗೆ ಟಿಯರ್ ಎಂದೇ ಕಲಿಸಿದ್ದರು. ಆದರೆ ಈ ವಾಕ್ಯದಲ್ಲಿ ಇದ್ದದ್ದು ಕಾಗದ ಹರಿಯುವ ಮಾತು; ಅಲ್ಲಿ 'ಟೇರ್' ಎನ್ನಬೇಕು. ಬೆಂಚಿನ ಮೇಲೆ ನಿಲ್ಲಿಸಿದರು. ಯಾಕೆ ತಪ್ಪು ಎಂದು ಯಾರೂ ಹೇಳಲಿಲ್ಲ. ಕಲಿಸಿದ್ದನ್ನು ಸರಿಯಾಗಿ ನೆನಪಿಟ್ಟುಕೊಂಡದ್ದಕ್ಕೇ ಆ ಶಿಕ್ಷೆ ಸಿಕ್ಕಿತು. ಆಮೇಲೆ ಎಷ್ಟೋ ವರ್ಷ ಇಂಗ್ಲಿಷನ್ನು ಗಟ್ಟಿಯಾಗಿ ಓದಲು ನನಗೆ ಬಾಯಿಯೇ ಬರುತ್ತಿರಲಿಲ್ಲ.

ಇಂಗ್ಲಿಷಿನಲ್ಲಿ ಹೀಗೇಕೆ? ಸುಮಾರು 1400ರಿಂದ 1700ರವರೆಗಿನ ಕಾಲದಲ್ಲಿ ಇಂಗ್ಲಿಷಿನವರ ಬಾಯಲ್ಲಿ ದೀರ್ಘ ಸ್ವರಗಳೆಲ್ಲ ಜಾಗ ಬದಲಿಸಿದವು. ಅದರ ನಡುವೆಯೇ, 1476ರಲ್ಲಿ, ವಿಲಿಯಂ ಕ್ಯಾಕ್ಸ್ಟನ್ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚುಕೂಟ ಹೂಡಿದ. ಅಚ್ಚಿಗೆ ಬಿದ್ದ ಬರಹ ಮೆಲ್ಲ ಮೆಲ್ಲ ಗಟ್ಟಿಯಾಯಿತು, ಉಚ್ಚಾರ ಮಾತ್ರ ಓಡುತ್ತಲೇ ಇತ್ತು. ದಾರಿ ತೋರಿಸುವ 'ಲೀಡ್' ದೀರ್ಘವಾಗಿಯೇ ಉಳಿದು ಆ ಓಟದಲ್ಲಿ 'ಈ'ಕಾರ ಮುಟ್ಟಿತು. ಸೀಸದ 'ಲೆಡ್' ಕೂಡ ಹಳೆಯ ಇಂಗ್ಲಿಷಿನಲ್ಲಿ ದೀರ್ಘವೇ. ಬ್ರೆಡ್, ಹೆಡ್, ಡೆಡ್ ಶಬ್ದಗಳಂತೆ ಅದು ನಡುವೆ ಹ್ರಸ್ವವಾಗಿ ಅಲ್ಲೇ ನಿಂತಿತು. ಈ ನಾಲ್ಕನ್ನೂ ಬರೆಯುವಾಗ 'ಇ, ಎ' ಮಾತ್ರ ಹಾಗೇ ಇದೆ.

ಗಾಳಿಗೆ 'ವಿಂಡ್', ಸುತ್ತು ಎನ್ನುವುದಕ್ಕೆ 'ವೈಂಡ್', ಬರಹ ಒಂದೇ. ಹಿಂದಿನ ಇಂಗ್ಲಿಷ್ ಕವಿಗಳು ಗಾಳಿಯನ್ನೂ 'ವೈಂಡ್' ಎಂದೇ ಹಿಡಿದು 'ಕೈಂಡ್', 'ಬಿಹೈಂಡ್' ಜೊತೆ ಪ್ರಾಸ ಕಟ್ಟಿದ್ದಾರೆ. ಇಂದು ತಪ್ಪು ಎಂದು ನಾವು ಕೆಂಪು ಶಾಯಿ ಹಾಕುವ ಉಚ್ಚಾರ ಒಂದು ಕಾಲದಲ್ಲಿ ಕಾವ್ಯಕ್ಕೆ ಸಲ್ಲುತ್ತಿತ್ತು. ಗಂಟೆಯ ಅರುವತ್ತನೇ ಪಾಲು 'ಮಿನಿಟ್', ತೀರ ಸಣ್ಣದ್ದು 'ಮೈನ್ಯೂಟ್'. ಇವೆರಡೂ ಲ್ಯಾಟಿನಿನ ಒಂದೇ ಬೇರಿನವು. ಸಣ್ಣ ಪಾಲು ಎಂಬ ಅರ್ಥದಿಂದಲೇ ಮಿನಿಟಿಗೆ ಆ ಹೆಸರು.

ಈಗ ನಾನು ಹೇಳಬೇಕೆಂದೇ ಬಂದ ಮಾತು. ಇದೆಲ್ಲ ಇಂಗ್ಲಿಷಿನ ಹುಚ್ಚು, ನಮ್ಮ ಭಾಷೆಗಳಲ್ಲಿ ಬರೆದಂತೆ ಓದುತ್ತೇವೆ ಎಂದು ಮಕ್ಕಳಿಗೆ ಹೇಳುತ್ತೇವಲ್ಲ, ಕಾಸರಗೋಡಿನಲ್ಲಿ ಕೂತು ಹಾಗೆ ಹೇಳಬಾರದು. ಕನ್ನಡ ಅಕ್ಷರದಲ್ಲಿ 'ಬತ್ತೆ' ಎಂದು ಬರೆಯಿರಿ. ತುಳುವಿನಲ್ಲಿ ಅದನ್ನು ಹೇಗೆ ಓದುತ್ತೀರಿ? 'ಯಾನ್ ಬತ್ತೆ', ನಾನು ಬಂದೆ ಎನ್ನುವಾಗ ಕೊನೆಯ ಸ್ವರಕ್ಕೆ ಬಾಯಿ ಅಗಲ ತೆರೆಯುತ್ತದೆ. 'ಆಯೆ ಬತ್ತೆ', ಅವನು ಬಂದ ಎನ್ನುವಾಗ ಅಷ್ಟು ತೆರೆಯುವುದಿಲ್ಲ. ಒಮ್ಮೆ ಮೆಲ್ಲಗೆ ಹೇಳಿಕೊಳ್ಳಿ, ನಿಮ್ಮ ದವಡೆಗೇ ಗೊತ್ತಾಗುತ್ತದೆ. ಬರಹದಲ್ಲಿ ಆ ವ್ಯತ್ಯಾಸಕ್ಕೆ ಜಾಗ ಇಲ್ಲ. ಮಲಯಾಳದ 'ಎನ್ನಾಲ್' ತೆಗೆದುಕೊಳ್ಳಿ. ನಾಲಗೆ ಹಲ್ಲಿಗೆ ತಾಗಿದರೆ 'ಆದರೆ', ಹಲ್ಲಿನ ಮೇಲಿನ ವಸಡಿಗೆ ತಾಗಿದರೆ 'ನನ್ನಿಂದ'. ಅಕ್ಷರ ಒಂದೇ. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ ಆಡುವ ನಮ್ಮ ಮಗುವಿಗೆ ಅರ್ಥ ನೋಡಿ ಬಾಯಿ ತಿರುಗಿಸುವ ವಿದ್ಯೆ ಮೊದಲೇ ಬಂದಿದೆ. ಅದನ್ನು ಅದಕ್ಕೆ ತೋರಿಸಿಕೊಡುವ ಕೆಲಸ ನಮ್ಮದು.

'ರೆಕಾರ್ಡ್' ಜಾತಿಯ ಶಬ್ದಗಳು ಬೇರೆ ಬಗೆ. ನಾಮಪದವಾದರೆ ಹೇಳುವಾಗ ಒತ್ತು ಬೀಳುವುದು ಮೊದಲ ಭಾಗಕ್ಕೆ, ಕ್ರಿಯಾಪದವಾದರೆ ಎರಡನೆಯದಕ್ಕೆ. ಆಬ್ಜೆಕ್ಟ್, ಪ್ರೆಸೆಂಟ್ ಕೂಡ ಹೀಗೇ. 1570ರ ಒಂದು ಇಂಗ್ಲಿಷ್ ನಿಘಂಟಿನಲ್ಲಿ ಇಂಥ ಜೋಡಿ ಮೂರೇ ಮೂರು: ಔಟ್‌ಲಾ, ರೆಬೆಲ್, ರೆಕಾರ್ಡ್. ಈಗ ನೂರು ದಾಟಿವೆ. ಕನ್ನಡದಲ್ಲಿ ಒತ್ತು ಬದಲಾದರೆ ಅರ್ಥ ಬದಲಾಗುವುದಿಲ್ಲ. ಹಾಗಾಗಿ ನಮ್ಮ ಕಿವಿಗೆ ಇದು ತಟ್ಟುವುದು ತಡವಾಗಿ. ಆರನೇ ಕ್ಲಾಸಿನಲ್ಲಿ ಇದಕ್ಕೆ ಮಾರ್ಕು ಕಡಿಯಬೇಡಿ.

ಕ್ಲಾಸಿನಲ್ಲಿ ಏನು ಮಾಡಬಹುದು? ತಲೆಯ ಮೇಲೆ ಕನ್ನಡ ಬರೆಯುವುದನ್ನು ನಿಲ್ಲಿಸಿ ಎನ್ನಲಾರೆ, ಅದು ಮಗುವಿನ ಊರುಗೋಲು. ಆದರೆ ವಾಕ್ಯವನ್ನು ಮೊದಲು ಮನಸ್ಸಿನಲ್ಲಿ ಓದಿ, ಅರ್ಥ ಹಿಡಿದು, ಆಮೇಲೆ ಬರೆಯಲಿ. ಆರ್, ಇ, ಎ, ಡಿ ಎಂಬ ಶಬ್ದವನ್ನೇ ನೋಡಿ. 'ನಾನು' ಎಂಬ ಕರ್ತೃ ಮಾತ್ರ ಇದ್ದರೆ ಅದು 'ರೀಡ್' ಎಂದೋ 'ರೆಡ್' ಎಂದೋ ಇಂಗ್ಲೆಂಡಿನಲ್ಲಿ ಹುಟ್ಟಿದವರಿಗೂ ಗೊತ್ತಾಗುವುದಿಲ್ಲ. 'ನಿನ್ನೆ'ಯೋ 'ದಿನಾಲೂ' ಎಂಬುದೋ ಬರುವವರೆಗೆ ಅವರೂ ಕಾಯಬೇಕು. 'ಅವನು' ಎಂದಿದ್ದು, ವಿಲ್, ಕ್ಯಾನ್, ಡಿಡ್ ಮುಂತಾದ ಸಹಾಯಕ ಶಬ್ದವೂ ಇಲ್ಲದೆ, ಕ್ರಿಯಾಪದದ ಕೊನೆಗೆ ಎಸ್ ಕೂಡ ಇಲ್ಲದಿದ್ದರೆ ಮಾತ್ರ ಅದು 'ರೆಡ್', ಆದದ್ದು ಹಿಂದೆ. ಇಷ್ಟನ್ನು ನಮ್ಮ ಹುಡುಗಿಗೆ ಹೇಳಿದೆ. ಅವಳು ಮರುದಿನ ಬಂದು, ಪುಸ್ತಕದಲ್ಲಿ ಆ ಶಬ್ದ ಬಂದ ಕಡೆಯಲ್ಲೆಲ್ಲ ಎಸ್ ಹುಡುಕಿ ಅಡಿಗೆರೆ ಎಳೆದದ್ದನ್ನು ತೋರಿಸಿದಳು.

ಇಲ್ಲಿ ಬೋರ್ಡಿನ ಮೇಲೆ ನಾಲ್ಕು ವಾಕ್ಯ ಬರೆದಿದ್ದೇನೆ. ಒಂದರಲ್ಲಿ ಬೀಸುವ ಗಾಳಿ ಇದೆ, ಒಂದರಲ್ಲಿ ಗಡಿಯಾರಕ್ಕೆ ಕೀಲಿ ಕೊಡುವುದು, ಒಂದರಲ್ಲಿ ಕಣ್ಣೀರು, ಒಂದರಲ್ಲಿ ಹರಿದ ಕಾಗದ. ಯಾವುದು ಎಲ್ಲಿ ಎಂದು ಹೇಳುವುದಿಲ್ಲ. ಎರಡು ನಿಮಿಷ ಮನಸ್ಸಿನಲ್ಲಿ ಓದಿಕೊಳ್ಳಿ. ಆಮೇಲೆ ಮುಂದಿನ ಸಾಲಿನ ಮಕ್ಕಳು ಒಬ್ಬೊಬ್ಬರಾಗಿ ಎದ್ದು ಓದಲಿ, ದೊಡ್ಡವರು ಕೇಳೋಣ.