ತಾತನಿಗೆ ಎರಡೂರಿನಲ್ಲಿ ಸೋದರಮಾವಂದಿರು ಹೇಗೆ?

ಈಗ ತೆರೆಯ ಮೇಲೆ ಕಾಣುತ್ತಿರುವುದು ನಮ್ಮ ತಾತನ ಭೂಶಾಂತಿಯ ಕಾರ್ಡು. 1987ರಲ್ಲಿ ಅಚ್ಚಾದದ್ದು. ಮಂಡ್ಯ ಕಡೆಯವರಿಗೆ ಇದೇನೆಂದು ವಿವರಿಸಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ: ಹನ್ನೊಂದನೆಯ ದಿನದ ಕಾರ್ಯಕ್ಕೆ ನೆಂಟರಿಷ್ಟರನ್ನು ಕರೆಯಲು ಹಂಚುವ ಪತ್ರಿಕೆ ಇದು. ನಮ್ಮ ಕಡೆ ಇದನ್ನು ಮನೆಯೊಳಗೆ ಇಟ್ಟುಕೊಳ್ಳುವುದಿಲ್ಲ. ದಿನ ಯಾವುದೆಂದು ನೋಡಿಕೊಂಡು ಹರಿದು ಹಾಕುತ್ತಾರೆ. ಇದೊಂದು ಉಳಿದದ್ದು ಯಾರೋ ಇದನ್ನು ಡೇರಿಯ ಹಾಲಿನ ಲೆಕ್ಕದ ಪುಸ್ತಕಕ್ಕೆ ರಟ್ಟಾಗಿ ಅಂಟಿಸಿದ್ದರಿಂದ. ಅಂಚಿನಲ್ಲಿ ಗೋಂದಿನ ಕಲೆ ಇದೆ. ತಾತನ ಹೆಸರಿನ ಮೇಲೆಯೇ ಪೆನ್ಸಿಲಿನಲ್ಲಿ ಬೆಳಗ್ಗೆ ಎರಡು ಲೀಟರ್, ಸಂಜೆ ಒಂದೂವರೆ ಎಂದು ಬರೆದಿದೆ.

ಹೆಸರುಗಳನ್ನೆಲ್ಲ ಮಸುಕು ಮಾಡಿದ್ದೇನೆ. ಇದರಲ್ಲಿರುವ ಕೆಲವರು ಇನ್ನೂ ಒಬ್ಬರ ಮೇಲೊಬ್ಬರು ದಾವೆ ಹೂಡಿಕೊಂಡು ಕೋರ್ಟಿಗೆ ಅಲೆಯುತ್ತಿದ್ದಾರೆ.

ಮೇಲಿನಿಂದ ಓದುತ್ತಾ ಬನ್ನಿ. ಮಕ್ಕಳು, ಸೊಸೆಯಂದಿರು, ಅಳಿಯಂದಿರು, ಮೊಮ್ಮಕ್ಕಳು, ಪ್ರತಿಯೊಬ್ಬರ ಪಕ್ಕದಲ್ಲೂ ಊರು. ಕೊನೆಯ ಸಾಲು ನೋಡಿ: ‘ಸೋದರಮಾವನ ಮಕ್ಕಳು’, ನಾಗಮಂಗಲ ತಾಲ್ಲೂಕಿನ ಒಂದು ಹಳ್ಳಿ. ನನ್ನ ತಲೆ ಕೆಡಿಸಿದ್ದು ಈ ಸಾಲು. ಏಕೆಂದರೆ ತಾತನ ತಾಯಿ ಎಂದು ನಾವೆಲ್ಲ ತಿಳಿದಿದ್ದ ಮುತ್ತಜ್ಜಿಯ ತವರು ಮದ್ದೂರಿನ ಹತ್ತಿರ. ಒಬ್ಬ ತಾಯಿಗೆ ಎರಡು ತವರು ಇರಲು ಸಾಧ್ಯವಿಲ್ಲ.

ದೊಡ್ಡಪ್ಪನನ್ನು ಕೇಳಿದೆ. "ಯಾವುದೋ ದೂರದ ಸಂಬಂಧ ಇರಬೇಕು, ಬಿಡವ್ವ" ಎಂದರು. ಹಳೆಯ ಕಾಗದ ಪತ್ರ ಏನಾದರೂ ಇದೆಯೇ ಎಂದು ಕೇಳಿದ್ದೇ ತಡ, ಅವರ ಧ್ವನಿ ಬದಲಾಯಿತು. "ಅದೆಲ್ಲ ಈಗ ನಿನಗೆ ಯಾಕೆ?"

ವಂಶಾವಳಿ ಹುಡುಕಲು ಹೊರಡುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಹಳ್ಳಿಯಲ್ಲಿ ಉಯಿಲು ಎಂಬ ಶಬ್ದ ಬಾಯಿಂದ ಬಿದ್ದ ಕೂಡಲೇ ಎದುರಿಗಿದ್ದವರು ಮನಸ್ಸಿನಲ್ಲೇ ಎಕರೆ ಗುಂಟೆ ಎಣಿಸಲು ಶುರು ಮಾಡುತ್ತಾರೆ. ಅದರಲ್ಲೂ ಕೇಳುತ್ತಿರುವುದು ಮೈಸೂರಿನಲ್ಲಿ ನೆಲೆಸಿರುವ ಹೆಣ್ಣುಮಗಳಾದರೆ ಮುಗಿಯಿತು. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದು 2005ರ ತಿದ್ದುಪಡಿ ಹೇಳಿದ ಮೇಲೆ ಅಣ್ಣತಮ್ಮಂದಿರ ಎದೆ ಸ್ವಲ್ಪ ಸದ್ದಿಗೂ ಧಸಕ್ಕೆನ್ನುತ್ತದೆ. ನನಗೆ ಬೇಕಾದದ್ದು ಒಂದು ಹೆಸರು ಮಾತ್ರ ಎಂದರೆ ಯಾರು ನಂಬುತ್ತಾರೆ?

ಹಾಗಾಗಿ ಸುತ್ತು ದಾರಿ ಹಿಡಿದೆ. ತಾತನಿಗೆ ಒಬ್ಬ ತಮ್ಮ ಇದ್ದರು. ಓದಿಕೊಂಡವರು, ಮೈಸೂರಿನಲ್ಲಿ ಸರ್ಕಾರಿ ನೌಕರಿಯಲ್ಲಿದ್ದವರು. ಪಾಲಾದ ಮೇಲೆ ಆ ಮನೆಗೂ ನಮಗೂ ಹೋಗಿ ಬರುವುದು ನಿಂತಿತ್ತು. ಅವರ ಮಕ್ಕಳು ಎಲ್ಲಿದ್ದಾರೆಂದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. 1991ರ ಸುಮಾರಿಗೆ ತೀರಿಕೊಂಡರು ಎಂಬುದಷ್ಟೇ ನನ್ನ ಅಪ್ಪನ ನೆನಪು. ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚಿ ಕುಳಿತೆ.

ಮೈಸೂರಿನಲ್ಲಿ ಹುಡುಕುವವರಿಗೆ ಒಂದು ಅನುಕೂಲವಿದೆ. 1978ರಲ್ಲಿ ಶುರುವಾದ ‘ಮೈಸೂರು ಮಿತ್ರ’ ಮತ್ತು ‘ಸ್ಟಾರ್ ಆಫ್ ಮೈಸೂರು’, ಜೊತೆಗೆ ‘ಆಂದೋಲನ’, ಇವೆಲ್ಲ ಊರಿನ ಪತ್ರಿಕೆಗಳು. ಯಾವ ಬಡಾವಣೆಯಲ್ಲಿ ಯಾರು ಹೋದರು ಎಂಬುದಕ್ಕೆ ಇವುಗಳಲ್ಲಿ ಜಾಗವಿರುತ್ತದೆ. ‘ನಿವೃತ್ತ ಶಿರಸ್ತೇದಾರ್’, ‘ವಯೋಸಹಜ ಕಾಯಿಲೆ’, ‘ಅಂತ್ಯಕ್ರಿಯೆ ಚಾಮುಂಡಿ ಬೆಟ್ಟದ ತಪ್ಪಲಿನ ರುದ್ರಭೂಮಿಯಲ್ಲಿ’. ಒಂದೇ ಅಚ್ಚಿನ ವಾಕ್ಯಗಳು, ಆದರೆ ಒಂದೊಂದೂ ಒಂದೊಂದು ಬೀಗದ ಕೈ. ತೊಂದರೆ ಇರುವುದು ಕೊನೆಯ ಸಾಲಿನಲ್ಲಿ: ‘ಮೃತರು ಪತ್ನಿ, ಇಬ್ಬರು ಪುತ್ರಿಯರು ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ.’ ಇಬ್ಬರು ಪುತ್ರಿಯರು ಎಂದರೆ ಯಾರು? ಹೆಸರಿಲ್ಲ, ಕೊಟ್ಟ ಊರಿಲ್ಲ. ಗಂಡು ಮಕ್ಕಳಿದ್ದರೆ ಒಬ್ಬರದಾದರೂ ಹುದ್ದೆ ನಮೂದಾಗುತ್ತದೆ. ಹೆಣ್ಣುಮಕ್ಕಳದು ಬರೀ ಎಣಿಕೆ.

ಇದಕ್ಕೊಂದು ಉಪಾಯ ಹೇಳುತ್ತೇನೆ, ಬರೆದಿಟ್ಟುಕೊಳ್ಳಿ. ಸುದ್ದಿ ಬಂದ ತಾರೀಕಿನಿಂದ ಸರಿಯಾಗಿ ಒಂದು ವರ್ಷ ಮುಂದಕ್ಕೆ ಹೋಗಿ, ಆ ವಾರದ ಸಂಚಿಕೆಗಳನ್ನು ನೋಡಿ. ‘ಮೊದಲನೆಯ ವರ್ಷದ ಪುಣ್ಯಸ್ಮರಣೆ’ ಎಂಬ ಜಾಹೀರಾತು ಇರಬಹುದು. ಸುದ್ದಿಯನ್ನು ಬರೆಯುವವರು ಪತ್ರಿಕೆಯವರು. ಇದಕ್ಕೆ ದುಡ್ಡು ಕೊಡುವವರು ಮನೆಯವರು, ಆದ್ದರಿಂದ ಎಲ್ಲರ ಹೆಸರೂ ಬರುತ್ತದೆ. ನನಗೆ ಸಿಕ್ಕಿದ್ದು ಹಾಗೆಯೇ. ಫೋಟೋ, ಕೆಳಗೆ ಇಬ್ಬರು ಹೆಣ್ಣುಮಕ್ಕಳ ಹೆಸರು, ಅಳಿಯಂದಿರ ಹೆಸರು, ಒಬ್ಬ ಅಳಿಯನ ಅಂಗಡಿಯ ಹೆಸರು. ಆ ಅಂಗಡಿ ಇಂದಿಗೂ ಅದೇ ರಸ್ತೆಯಲ್ಲಿದೆ.

ಹೀಗೆ ಒಬ್ಬರು ಅತ್ತೆ ನನಗೆ ಹೊಸದಾಗಿ ಸಿಕ್ಕರು. ಬಾಗಿಲಲ್ಲೇ ನಿಲ್ಲಿಸಿ ಯಾರ ಮಗಳು ಎಂದು ಕೇಳಿದರು, ಹೇಳಿದೆ. ಒಂದು ಗಳಿಗೆ ಸುಮ್ಮನಿದ್ದು, ಊಟ ಆಯಿತೇ ಎಂದರು. ಕಾಫಿ ಕುಡಿಯುವಷ್ಟರಲ್ಲಿ ಅಟ್ಟದಿಂದ ಅವರ ತಂದೆಯ ಟ್ರಂಕು ಕೆಳಗಿಳಿಯಿತು.

ಟ್ರಂಕಿನ ಮೇಲ್ಭಾಗದಲ್ಲಿ ಛಾಪಾ ಕಾಗದಗಳು, ಬಟ್ಟೆಯಲ್ಲಿ ಸುತ್ತಿ ಭದ್ರವಾಗಿದ್ದವು. ಎಲ್ಲವೂ ಕ್ರಯಪತ್ರ, ಭೋಗ್ಯಪತ್ರ. ಅಡಿಯಲ್ಲಿ ಒಂದು ಬಿಳಿ ಹಾಳೆ, ಅರ್ಧ ಗೆದ್ದಲು ತಿಂದದ್ದು. ಅತ್ತೆ ಅದನ್ನು ಕಸದ ಕಡೆಗೆ ಸರಿಸಿದರು. ನಾನು ಕೈ ಅಡ್ಡ ಹಿಡಿದೆ. ಉಯಿಲಿಗೆ ಛಾಪಾ ಕಾಗದ ಬೇಕಾಗಿಲ್ಲ, ಬಿಳಿ ಹಾಳೆ ಸಾಕು. ಬರೆಸಿದವರ ರುಜು, ಇಬ್ಬರ ಸಾಕ್ಷಿ ಇದ್ದರಾಯಿತು. ನೋಂದಣಿ ಕೂಡ ಕಡ್ಡಾಯವಲ್ಲ. ಮುದ್ರೆ ಇಲ್ಲದ ಹಾಳೆಗೆ ಬೆಲೆ ಇಲ್ಲವೆಂದು ಎಷ್ಟು ಮನೆಗಳಲ್ಲಿ ಮರಣಶಾಸನಗಳು ಒಲೆ ಸೇರಿವೆಯೋ.

ಇದು ಕೊನೆಯ ಹಾಳೆ ಮಾತ್ರ. ಎಡಗೈ ಹೆಬ್ಬೆಟ್ಟಿನ ಗುರುತು, ಇಬ್ಬರು ಸಾಕ್ಷಿಗಳು, ಬಿಕ್ಕಲಂ ಎಂದು ಬರೆದವರ ಹೆಸರು. ಹಾಳೆಯ ಬೆನ್ನು ತಿರುಗಿಸಿದರೆ ನೋಂದಣಿ ಕಚೇರಿಯ ಬರಹ: ಮೂರನೆಯ ಪುಸ್ತಕ, ಇಂತಿಷ್ಟನೆಯ ನಂಬರು, ಇಂಥ ಪುಟ. ವರ್ಷ 1936. ಮುತ್ತಾತ ನೋಂದಣಿ ಮಾಡಿಸಿದ್ದರು!

ಮೂರನೆಯ ಪುಸ್ತಕ ಎಂದರೆ ಉಯಿಲುಗಳ ಪುಸ್ತಕ. ಕ್ರಯ, ದಾನ, ವಿಭಾಗ ಎಲ್ಲ ಇರುವುದು ಒಂದನೆಯ ಪುಸ್ತಕದಲ್ಲಿ. 1908ರ ನೋಂದಣಿ ಕಾಯಿದೆಯ ಪ್ರಕಾರ ಒಂದನೆಯ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಮೂರನೆಯದಕ್ಕೆ ಹಾಗಿಲ್ಲ. ಬರೆಸಿದವರು ಬದುಕಿರುವವರೆಗೆ ಅವರಿಗೆ ಅಥವಾ ಅವರ ಪ್ರತಿನಿಧಿಗೆ ಮಾತ್ರ ನಕಲು, ಸತ್ತ ಮೇಲೆ ಅರ್ಜಿ ಹಾಕಿದ ಯಾರಿಗಾದರೂ ಕೊಡಬಹುದು. ಜಮೀನಿನ ಮೇಲೆ ನೋಂದಣಿಯಾದ ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರ ತೆಗೆಸಿ, ಅದರಲ್ಲಿ ಉಯಿಲು ಕಾಣಲಿಲ್ಲ ಎಂದು ಕೈಬಿಡುವವರಿದ್ದಾರೆ. ಅದು ತಯಾರಾಗುವುದು ಒಂದನೆಯ ಪುಸ್ತಕದಿಂದ. ಅದರಲ್ಲಿ ಉಯಿಲು ಕಾಣುವುದೇ ಇಲ್ಲ.

ನಾನು ಅರ್ಜಿ ಹಾಕಿದ ಕಚೇರಿ ಯಾವುದೆಂದು ಹೇಳುವುದಿಲ್ಲ. ಅಲ್ಲಿನ ಗುಮಾಸ್ತರು ಕನ್ನಡಕ ಏರಿಸಿಕೊಂಡು, "ಬರೆಸಿದವರು ತೀರಿಕೊಂಡಿದ್ದಾರೆ ಎಂಬುದಕ್ಕೆ ದಾಖಲೆ ಬೇಕು" ಎಂದರು. ಮುತ್ತಾತ ಹುಟ್ಟಿದ್ದು 1870ರ ದಶಕದಲ್ಲಿ. ಬದುಕಿದ್ದರೆ ಅವರಿಗೆ ನೂರೈವತ್ತು ಎಂದೆ. "ಇರಬಹುದಮ್ಮ, ಕಡತಕ್ಕೆ ಗೊತ್ತಾಗಬೇಕಲ್ಲ" ಎಂದರು. ತಪ್ಪೇನೂ ಇಲ್ಲ, ನಿಯಮ ಹಾಗೆಯೇ ಇದೆ. ತಾಲ್ಲೂಕು ಕಚೇರಿಯ ಅಭಿಲೇಖಾಲಯಕ್ಕೆ ಹೋದೆ. ಆ ಸಾಲಿನ ಮರಣ ಪುಸ್ತಕ ಲಭ್ಯವಿಲ್ಲ ಎಂದು ಹಿಂಬರಹ ಕೊಟ್ಟರು. ಕೊನೆಗೆ ಕೈಹಿಡಿದದ್ದು ಪೌತಿ ಖಾತೆ. ಖಾತೆದಾರ ಸತ್ತ ಮೇಲೆ ವಾರಸುದಾರರ ಹೆಸರಿಗೆ ಜಮೀನು ಬದಲಾಗುವಾಗ ಅದಕ್ಕೊಂದು ದಾಖಲೆ ಆಗಲೇಬೇಕು. ಮನುಷ್ಯ ಸತ್ತದ್ದನ್ನು ಬರೆದ ಪುಸ್ತಕ ಕಳೆದುಹೋದರೂ ಕಂದಾಯ ಕಟ್ಟುವವರು ಬದಲಾದದ್ದನ್ನು ಬರೆದ ಪುಸ್ತಕ ಕಳೆದುಹೋಗಿರಲಿಲ್ಲ. ಸರ್ಕಾರಗಳಿಗೆ ಯಾವುದು ಮುಖ್ಯ ಎಂಬುದು ಇದರಲ್ಲೇ ಇದೆ.

ನಕಲು ಬಂತು. ‘ಮೈಸೂರು ಜಿಲ್ಲೆ ಮಂಡ್ಯ ತಾಲ್ಲೂಕು’ ಎಂದು ಶುರುವಾಗುತ್ತದೆ. ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ. ಅದಕ್ಕಿಂತ ಹಿಂದಿನದನ್ನು ಹುಡುಕುವವರು ಮೈಸೂರು ಎಂದೇ ಹುಡುಕಬೇಕು. ಪದಗಳ ನಡುವೆ ಜಾಗವೇ ಇಲ್ಲದ ಕೂಡು ಬರವಣಿಗೆ, ಜೋರಾಗಿ ಓದಿದರೆ ಮಾತ್ರ ಬಿಡಿಸಿಕೊಳ್ಳುತ್ತದೆ. ಶರೀರ ಅಸ್ಥಿರವಾದ್ದರಿಂದ, ಸ್ವಸ್ಥಚಿತ್ತದಿಂದ, ಯಾರ ಒತ್ತಾಯವೂ ಇಲ್ಲದೆ, ಹೀಗೆ ಸಾಗುತ್ತದೆ. ನಾಲೆ ಬಂದ ಮೇಲೆ ಕೊಂಡ ತರಿ, ಅಂದರೆ ನೀರಾವರಿ, ಜಮೀನಿನ ವಿವರ ಬರುತ್ತದೆ. ಆ ಕಾಲದಲ್ಲಿ ಒಟ್ಟು ಕುಟುಂಬದ ಆಸ್ತಿಯಲ್ಲಿನ ತನ್ನ ಪಾಲನ್ನು ಉಯಿಲಿನಲ್ಲಿ ಬರೆಯುವಂತಿರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದ ಮೇಲೆಯೇ ಅದಕ್ಕೆ ಅವಕಾಶವಾಯಿತು. ಆದ್ದರಿಂದ ರೈತಾಪಿ ಮನೆಗಳಲ್ಲಿ ಹಳೆಯ ಉಯಿಲು ಅಪರೂಪ. ನಿಮ್ಮ ಮನೆಯಲ್ಲಿ ಸಿಗದಿದ್ದರೆ ವಿಭಾಗಪತ್ರ ಹುಡುಕಿ. ಚಕ್ಕುಬಂದಿಯನ್ನು, ಅಂದರೆ ಜಮೀನಿನ ನಾಲ್ಕು ದಿಕ್ಕಿನ ಎಲ್ಲೆಯ ವಿವರವನ್ನು, ಮಾತ್ರ ಹಾರಿಸಬೇಡಿ. ಪೂರ್ವಕ್ಕೆ ಓಣಿ, ಉತ್ತರಕ್ಕೆ ಹಳ್ಳ, ಪಶ್ಚಿಮಕ್ಕೆ ಇಂಥವರು ಬಿನ್ ಇಂಥವರ ಹೊಲ ಎಂದಿರುತ್ತದೆ. ಬಿನ್ ಎಂದರೆ ಮಗ. ಪಕ್ಕದ ಹೊಲದವರು ಮುಕ್ಕಾಲು ಪಾಲು ದಾಯಾದಿಗಳೇ, ಒಂದೇ ಹೊಲ ಒಡೆದು ಎರಡಾದದ್ದು. ನಮ್ಮ ಮುತ್ತಾತನಿಗೆ ಒಬ್ಬ ಅಣ್ಣನಿದ್ದದ್ದು ನನಗೆ ತಿಳಿದದ್ದು ಪಶ್ಚಿಮ ದಿಕ್ಕಿನಿಂದ.

ಎರಡನೆಯ ಪುಟದ ನಡುವೆ ಈ ಭಾಗ. ಹತ್ತಿರದಿಂದ ತೋರಿಸುತ್ತೇನೆ. ‘ಕಾಳಯುಕ್ತಿ ಸಂವತ್ಸರದ ಆಶ್ವಯುಜ ಬಹುಳದಲ್ಲಿ ದೈವಾಧೀನಳಾದ ನನ್ನ ಹಿರಿಯ ಹೆಂಡತಿ’ಗೆ ಅವಳ ತಂದೆಯಿಂದ ಬಂದ ನಾಗಮಂಗಲ ತಾಲ್ಲೂಕಿನ ಖುಷ್ಕಿ (ಮಳೆಯಾಶ್ರಿತ) ಜಮೀನು ಅವಳ ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೇ ಸೇರತಕ್ಕದ್ದು, ಕಿರಿಯ ಹೆಂಡತಿಯ ಮಗನಿಗೆ ಅದರಲ್ಲಿ ಹಕ್ಕಿಲ್ಲ.

ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳುತ್ತವೆ. ಕಾಳಯುಕ್ತಿ 1978ರಲ್ಲಿ ಬಂದಿತ್ತು, ಅದಕ್ಕೂ ಹಿಂದೆ 1918ರಲ್ಲಿ. ಆಶ್ವಯುಜ ಬಹುಳ ಎಂದರೆ ಆ ವರ್ಷದ ಅಕ್ಟೋಬರ್ ಕೊನೆ, ದೀಪಾವಳಿಯ ಹಿಂದುಮುಂದು. ಇನ್ಫ್ಲುಯೆಂಜಾ ಮೈಸೂರು ಸಂಸ್ಥಾನದ ಊರೂರನ್ನು ಹೊಕ್ಕ ದಿನಗಳು ಅವು. ಅದರಿಂದಲೇ ಹೋದರು ಎಂದು ಉಯಿಲು ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಈಗಿನ ಕಾನೂನಿನಲ್ಲಂತೂ ಮರಣ ದಾಖಲೆಯ ನಕಲು ತೆಗೆದರೂ ಅದರಲ್ಲಿ ಸಾವಿನ ಕಾರಣ ತೋರಿಸುವಂತಿಲ್ಲ.

ತಾತನಿಗೆ ಆಗ ನಾಲ್ಕು ವರ್ಷ. ಅವರನ್ನು ಸಾಕಿದವರು ಮದ್ದೂರಿನ ಮುತ್ತಜ್ಜಿ, ಮಲತಾಯಿ. ಅಷ್ಟು ಚೆನ್ನಾಗಿ ಸಾಕಿದರು ಎಂದರೆ ಮನೆಯಲ್ಲಿ ಮಲತಾಯಿ ಎಂಬ ಮಾತೇ ಉಳಿಯಲಿಲ್ಲ.

ಸರಿ, ಹಿರಿಯ ಹೆಂಡತಿಯ ಹೆಸರೇನು? ಉಯಿಲಿನಲ್ಲಿ ಇಲ್ಲ! ಅವಳ ತಂದೆಯ ಹೆಸರಿದೆ, ಊರಿದೆ, ಹೊಲದ ನಾಲ್ಕೂ ದಿಕ್ಕುಗಳಿವೆ, ಹೊಲದಲ್ಲಿದ್ದ ಹುಣಿಸೆಮರ ಕೂಡ ಇದೆ. ನನಗೆ ನಿಜಕ್ಕೂ ಸಿಟ್ಟು ಬಂತು. ಇದೇ ಜಿಲ್ಲೆಯ ಆತಕೂರಿನಲ್ಲಿ, ಸುಮಾರು ಕ್ರಿ.ಶ. 950ರಲ್ಲಿ, ಹಂದಿಯ ಜೊತೆ ಕಾದಾಡಿ ಸತ್ತ ಬೇಟೆನಾಯಿಯೊಂದಕ್ಕೆ ಕಲ್ಲು ನಿಲ್ಲಿಸಿದ್ದಾರೆ. ಗಂಗರ ದೊರೆ ಬೂತುಗನಿಂದ ಅವನ ಕಡೆಯ ವೀರ ಮಣಲೇರ ಕೇಳಿ ಪಡೆದ ನಾಯಿ ಅದು. ಹೆಸರು ಕಾಳಿ. ಹೆಸರು ಸಹಿತ ಕೆತ್ತಿಸಿದ್ದಾರೆ, ಕಲ್ಲು ಈಗ ಬೆಂಗಳೂರಿನ ಸಂಗ್ರಹಾಲಯದಲ್ಲಿದೆ. ಸಾವಿರ ವರ್ಷದ ಹಿಂದೆ ನಾಯಿಗೆ ಸಿಕ್ಕಿದ ಮರ್ಯಾದೆ ನೂರು ವರ್ಷದ ಹಿಂದೆ ನಮ್ಮ ಮುತ್ತಜ್ಜಿಗೆ ಸಿಗಲಿಲ್ಲ.

ಆದರೆ ತಂದೆಯಿಂದ ಜಮೀನು ಬಂದಿದೆ ಎಂದರೆ ಅದಕ್ಕೊಂದು ಪತ್ರ ಇರಬೇಕು. ಉಯಿಲನ್ನು ಯಾವ ಕಚೇರಿಯಲ್ಲಿ ಬೇಕಾದರೂ ನೋಂದಣಿ ಮಾಡಿಸಬಹುದು. ದಾನಪತ್ರಕ್ಕೆ ಹಾಗಿಲ್ಲ, ಜಮೀನು ಯಾವ ಕಚೇರಿಯ ವ್ಯಾಪ್ತಿಯಲ್ಲಿದೆಯೋ ಅಲ್ಲಿಯೇ ಆಗಬೇಕು. ಹಾಗಾಗಿ ನಾಗಮಂಗಲದ ಕಡೆ ಹೊರಟೆ. ಒಂದನೆಯ ಪುಸ್ತಕಕ್ಕೆ ಹೆಸರಿನ ಸೂಚಿ ಇರುತ್ತದೆ, ಬರೆದುಕೊಟ್ಟವರು ಮತ್ತು ಬರೆಸಿಕೊಂಡವರು ಇಬ್ಬರದೂ. ತಂದೆಯ ಹೆಸರು ಹಿಡಿದು ವರ್ಷ ವರ್ಷವಾಗಿ ಹಿಂದಕ್ಕೆ ಹೋದೆ. ಧೂಳು ಎಷ್ಟಿತ್ತೆಂದರೆ ಈ ಭಾಗದ ಚಿತ್ರೀಕರಣದಲ್ಲಿ ನಾನು ಮಾತಿಗಿಂತ ಹೆಚ್ಚಾಗಿ ಸೀನಿದ್ದೇನೆ.

1912. ಅರಿಶಿನ ಕುಂಕುಮದ ಬಾಬ್ತು ಮಗಳಿಗೆ ಬರೆದುಕೊಟ್ಟ ದಾನಪತ್ರ. ಹೆಸರು, ಅದರ ಮುಂದೆ ‘ಕೋಂ’, ಅಂದರೆ ಹೆಂಡತಿ, ಅದರ ಮುಂದೆ ನಮ್ಮ ಮುತ್ತಾತನ ಹೆಸರು. ಗಂಡನ ಉಯಿಲಿನಲ್ಲಿ ಸಿಗದ ಹೆಸರು ಅಪ್ಪನ ಪತ್ರದಲ್ಲಿತ್ತು. ತಾತನ ಕಾರ್ಯಕ್ಕೆ ಬಂದ ಆ ಸೋದರಮಾವನ ಮಕ್ಕಳು ಈ ಅಪ್ಪನ ಮೊಮ್ಮಕ್ಕಳು.

ಆ ಹೆಸರು ಓದಿದ ತಕ್ಷಣ ನನಗೆ ನಗು ಬಂತು, ಏಕೆಂದರೆ ಅದು ನನಗೆ ಗೊತ್ತಿದ್ದ ಹೆಸರೇ. ನಮ್ಮ ದೊಡ್ಡ ಸೋದರತ್ತೆಯ ಹೆಸರು, ತಾತನ ಮೊದಲ ಮಗಳದು. ತಾತ ತಾಯಿಯ ಹೆಸರನ್ನು ಮಗಳಿಗಿಟ್ಟು, ಕಾರಣವನ್ನು ಯಾರಿಗೂ ಹೇಳದೆ ಹೋಗಿದ್ದರು. ಅತ್ತೆಗೆ ಫೋನ್ ಮಾಡಿ ಹೇಳಿದೆ. ಆ ಕಡೆಯಿಂದ ಮೊದಲು ಬಂದದ್ದು ಆಶ್ಚರ್ಯವಲ್ಲ, ದೂರು.

"ಅದಕ್ಕೇ ನೋಡು! ತಂಗಿಯರನ್ನೆಲ್ಲ ಹೆಸರು ಹಿಡಿದು ಕರೆಯುತ್ತಿದ್ದರು, ಬೈಯುತ್ತಿದ್ದರು. ನನ್ನನ್ನು ಒಂದು ದಿನವೂ ಹೆಸರಿನಿಂದ ಕರೆಯಲಿಲ್ಲ. ಅವ್ವಾ ಅನ್ನುವುದು, ಸುಮ್ಮನಾಗುವುದು. ನನ್ನ ಮೇಲೆ ಅಪ್ಪನಿಗೆ ಏನೋ ಮುನಿಸು ಎಂದುಕೊಂಡಿದ್ದೆ, ಇಷ್ಟು ವರ್ಷ."

ಆಮೇಲೆ ಅತ್ತೆ ಪಿತೃಪಕ್ಷದ ಲೆಕ್ಕಕ್ಕೆ ಇಳಿದರು. ನಮ್ಮ ಮನೆಯಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತೇವೆ. ಮುತ್ತಜ್ಜಿಯ ಹೆಸರಿನಲ್ಲಿ ಇಡುತ್ತಿದ್ದದ್ದು ಒಂದೇ ಎಲೆ, ಒಂದೇ ಸೀರೆ. ಈಗ ಯಾರ ಹೆಸರಿನಲ್ಲಿ? ಹೆತ್ತವಳಿಗೆ ಎಂದರು ಅತ್ತೆ. ಸಾಕಿದವಳನ್ನು ಬಿಡುವಂತಿಲ್ಲ ಎಂದರು ದೊಡ್ಡಪ್ಪ. ದೊಡ್ಡಪ್ಪನ ಆತಂಕ ಅಷ್ಟು ಹೊತ್ತಿಗೆ ಇಳಿದಿತ್ತು. ನಾಗಮಂಗಲದ ಆ ಹೊಲವನ್ನು ತಾತನೇ ಮಾರಿ ಹೆಣ್ಣುಮಕ್ಕಳ ಮದುವೆ ಮಾಡಿದ್ದರೆಂದು ಗೊತ್ತಾದ ಮೇಲೆ ಅವರು ನನ್ನ ಜೊತೆ ಬಹಳ ಸಲುಗೆಯಿಂದ ಮಾತನಾಡುತ್ತಿದ್ದಾರೆ.

"ಇಬ್ಬರಿಗೂ ಇಡೋಣ" ಎಂದು ಅವರೇ ತೀರ್ಮಾನ ಹೇಳಿದರು. "ಇನ್ನೊಂದು ಸೀರೆ ತರಬೇಕು. ಹುಡುಕಿ ತಂದವಳು ನೀನು, ದುಡ್ಡೂ ನೀನೇ ಕೊಡು."