ಹಳೇ ಕಾರ್ಡು, ಅಗಲ ಮಾನಿಟರು

ಈ 34 ಇಂಚಿನ ಮಾನಿಟರ್ ಟೇಬಲ್ ಮ್ಯಾಲೆ ಇಟ್ಟಕೂಡಲೇ ನಮ್ಮಪ್ಪ ಕೇಳಿದ್ದು, "ಇಷ್ಟು ಅಗಲ ಯಾಕೋ, ಗೋಡಿ ಮುಚ್ಚಾಕ ತಂದೀಯೇನು?" ಕೊಪ್ಪೀಕರ್ ರೋಡಿನ ಅಂಗಡಿಯವ್ರ ಚಿಂತಿ ಬ್ಯಾರೇನ ಇತ್ತು: "ಸರ್, ಗ್ರಾಫಿಕ್ಸ್ ಕಾರ್ಡ್ ಯಾವ್ದೈತ್ರಿ?" ಅಂದ್ರ ಕಂಪ್ಯೂಟರಿನ್ಯಾಗ ಪರದೆಗೆ ಚಿತ್ರ ಬಿಡಿಸಿ ಕೊಡೋ ಭಾಗ. ಜಿಟಿಎಕ್ಸ್ 1060, 6 ಜಿಬಿ ಅಂದೆ. 2016ರ ಜುಲೈದಾಗ ಬಂದ ಕಾರ್ಡದು. "ಹಂಗಾರ ಅದನ್ನೂ ಬದಲಿ ಮಾಡ್ಬೇಕಾಗ್ತದ್ರಿ" ಅಂದ್ರು. ನಾ ಮಾಡಲಿಲ್ಲ. ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ 1,507 ಮೀಟರ್ ಮಾಡಿದ್ರು ಅಂತ ಬರೋ ಗಾಡಿಗೆಲ್ಲಾ ಹೊಸ ಎಂಜಿನ್ ಹಚ್ಚಿದ್ರೇನು?

ಲೆಕ್ಕ ಹಿಂಗೈತಿ. ಫುಲ್ ಎಚ್‌ಡಿ ಅಂದ್ರ ಸುಮಾರು 20.7 ಲಕ್ಷ ಪಿಕ್ಸೆಲ್. ಈ ಮಾನಿಟರು 3440 ಗುಣಿಸು 1440, ಅಂದ್ರ 49.5 ಲಕ್ಷ. ಉಣಕಲ್ ಕೆರಿ ವಿಡಿಯೋ ಎಡಿಟ್ ಮಾಡೂವಾಗ ತುಣುಕು ಜೋಡಿಸೋ ಪಟ್ಟಿ, ಟೈಮ್‌ಲೈನ್, ಎಷ್ಟು ಉದ್ದ ಕಾಣಸ್ತೈತಿ ನೋಡ್ರಿ. ಬರೇ ಅಷ್ಟು ಪಿಕ್ಸೆಲ್ ತೋರಿಸೋದು ಕಾರ್ಡಿಗೆ ದೊಡ್ಡ ಕೆಲಸಲ್ಲ. ಗೇಮಿನ್ಯಾಗ ಮಾತ್ರ ಪ್ರತಿ ಫ್ರೇಮಿಗೂ ಅಷ್ಟನ್ನೂ ಹೊಸದಾಗಿ ಬಿಡಿಸಬೇಕು. ಅಲ್ಲೇ ಏದುಸಿರು ಬಿಡ್ತದ.

ಆದ್ರ ಮೊದಲು ನೋಡಬೇಕಾದ್ದು ಕಾರ್ಡಿನ ಶಕ್ತಿ ಅಲ್ರಿ, ಅದರ ಹಿಂಬದಿ ಪೋರ್ಟು, ಅಂದ್ರ ಮಾನಿಟರಿನ ಕೇಬಲ್ ಸಿಗಿಸೋ ಜಾಗ. ನನ್ನ ಕಾರ್ಡಿನ್ಯಾಗ ಎಚ್‌ಡಿಎಂಐನೂ ಐತಿ, ಡಿಸ್‌ಪ್ಲೇಪೋರ್ಟೂ ಐತಿ. ನಾ ಹಚ್ಚಿದ್ದು ಡಿಸ್‌ಪ್ಲೇಪೋರ್ಟ್, ಫ್ರೀಸಿಂಕ್ ಸಲುವಾಗಿ. ಅಂದ್ರ ಕಾರ್ಡ್ ಫ್ರೇಮ್ ಕೊಟ್ಟ ವೇಗಕ್ಕ ತಕ್ಕಂಗ ಮಾನಿಟರ್ ಚಿತ್ರ ಬದಲಿ ಮಾಡೋದು. 2019ರ ಜನವರಿಯಿಂದ ಕಾರ್ಡ್ ಮಾಡೋ ಎನ್ವಿಡಿಯಾ ಕಂಪನಿ ನನ್ನ 1060ಯಂಥ 10 ಸೀರೀಸ್ ಕಾರ್ಡಿಗೂ ಅದನ್ನ ಕೊಟ್ಟೈತಿ, ಆದ್ರ ಈ ಕಾರ್ಡಿಗೆ ಎಚ್‌ಡಿಎಂಐ ಮ್ಯಾಲೆ ನಡಿಯಂಗಿಲ್ಲ. ಸೆಕೆಂಡಿಗೆ ಫ್ರೇಮ್ 50, 70, 60 ಅಂತ ಕುಣಿಯೋ ಹಳೇ ಕಾರ್ಡಿಗೇ ಇದು ಭಾಳ ಬೇಕಾಗೋದು. ಹತ್ರ ತೋರಿಸ್ತೀನಿ: ಪ್ಲಗ್ಗಿನ ಮ್ಯಾಲೆ ಈ ಸಣ್ಣ ಗುಂಡಿ, ತುದಿಗೆ ಎರಡು ಕೊಕ್ಕಿ. ಗುಂಡಿ ಒತ್ತಿಹಿಡಿದ ಎಳೀಬೇಕು. ಜಗ್ಗಾಡಿದ್ರ ಪೋರ್ಟಿಗೇ ಪೆಟ್ಟು.

ಹಚ್ಚಿದ ಮ್ಯಾಲೂ ವಿಂಡೋಸ್ 60 ಹರ್ಟ್ಸ್‌ನ್ಯಾಗ, ಅಂದ್ರ ಸೆಕೆಂಡಿಗೆ 60 ಸಲ ಚಿತ್ರ ಬದಲಿ ಮಾಡೋದ್ರಾಗ, ಕುಂತಿತ್ತು. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ. ಅಲ್ಲಿ 100 ಆರಿಸಿದೆ. ಈಗ ಮೌಸ್ ಆಡಸ್ರಿ, ಫರಕ್ ಕೈಗೇ ತಿಳೀತದ.

ಗೇಮಿಗೆ ನನ್ನ ಉಪಾಯ ಒಂದ. ಗೇಮಿನೊಳಗ ರೆಸಲ್ಯೂಶನ್ 2560 ಗುಣಿಸು 1080 ಇಡ್ತೀನಿ. ಅಗಲ-ಎತ್ತರದ ಪ್ರಮಾಣ ಹೆಚ್ಚು ಕಡಿಮಿ ಮಾನಿಟರಿನಷ್ಟ ಐತಿ, ಆದ್ದರಿಂದ ಚಿತ್ರ ಹಿಗ್ಗಂಗಿಲ್ಲ. ಪಿಕ್ಸೆಲ್ ಫುಲ್ ಎಚ್‌ಡಿಗಿಂತ ಮೂರನೇ ಒಂದು ಪಾಲಷ್ಟ ಜಾಸ್ತಿ. ಅಕ್ಷರ ಚೂರು ಮಸಕು ಆಗ್ತಾವ, ಖರೆ. ಗೇಮಿನ್ಯಾಗ ಎಫ್‌ಎಸ್‌ಆರ್, ಅಂದ್ರ ಕಡಿಮಿ ಪಿಕ್ಸೆಲ್‌ನ್ಯಾಗ ಬಿಡಿಸಿ ಚಿತ್ರ ಹಿಗ್ಗಿಸೋ ಸೌಲಭ್ಯ, ಇದ್ರ ಅದನ್ನ ಹಚ್ಚೋದು ಇನ್ನೂ ಛಲೋ, ಮೆನು ಅಕ್ಷರ ಚೂಪಾಗೇ ಉಳೀತಾವ. ಎನ್ವಿಡಿಯಾದ ಅಂಥದ್ದೇ ಸೌಲಭ್ಯ ಡಿಎಲ್‌ಎಸ್‌ಎಸ್ ಕೇಳಬ್ಯಾಡ್ರಿ, ಅದಕ್ಕ ಹೊಸ ಆರ್‌ಟಿಎಕ್ಸ್ ಕಾರ್ಡ್ ಬೇಕು. ಕೆಲವು ಹಳೇ ಗೇಮಿನ್ಯಾಗ ಎಡಕ್ಕ-ಬಲಕ್ಕ ಕರಿ ಪಟ್ಟಿ ಬರ್ತಾವ. ನನಗೇನೂ ತ್ರಾಸಿಲ್ಲ.

ನಮ್ಮ ಕಾಕಾನ ಮಗನ ಹತ್ರ ಜಿಟಿಎಕ್ಸ್ 750 ಟಿಐ ಐತಿ, 2014ರದ್ದು. "ಅಣ್ಣಾ, ನಾನೂ ಇಂಥಾದ್ದ ತಗೊಳ್ಲೇನು?" ಅಂದ. ಬ್ಯಾಡೋ ತಮ್ಮಾ, ನಿನಗ 29 ಇಂಚಿಂದು, 2560 ಗುಣಿಸು 1080 ಸಾಕು. ಎಚ್‌ಡಿಎಂಐ ಮ್ಯಾಲೆ 60 ಹರ್ಟ್ಸ್ ಆರಾಮ ಬರ್ತದ. ಹಳೇ ಸಿಂಗಲ್ ಲಿಂಕ್ ಡಿವಿಐ ಕೇಬಲ್ ಮಾತ್ರ ಹಚ್ಚಾಕ ಹೋಗಬ್ಯಾಡ ಅಂದೆ, ಅದು 60 ಹರ್ಟ್ಸ್‌ನ್ಯಾಗ 1920 ಗುಣಿಸು 1200 ದಾಟಂಗಿಲ್ಲ.